ಅಂಜಿಕೆಗೆ ಐದು ಶೇಂಗಾ

“ಒಂದು,” ಅಂದಳು ಕಾಂಚನಾ. ಪ್ರಶ್ನೆ ಇನ್ನೂ ಪೂರ್ತಿ ಮುಗಿದಿರಲಿಲ್ಲ. ಮುಂದಿದ್ದ ಮೊರದಿಂದ ಒಂದು ಶೇಂಗಾಕಾಯಿ ಎತ್ತಿ ನಿಶಾತಳ ಕಡೆ ಸರಿಸಿದಳು. ಉಳಿದ ನಾಲ್ಕು ಕಾಯಿಗಳು ಮೊರದ ನಡುವೆ ಹಾಗೇ ಬಿದ್ದಿದ್ದವು.

ನಿಶಾತ ಮೊಬೈಲಿನ ಮೇಲೆ ಬೆರಳಿಟ್ಟವಳು ಒತ್ತಲಿಲ್ಲ. “ಪೂರ್ತಿ ಕೇಳವಾ. ದಾರ್ಯಾಗ ದೀಪ ಇದ್ದಾಗ, ಹೊತ್ತು ಮುಳುಗಿದ ಮ್ಯಾಲ ನಿಮ್ಮೂರಿಂದ ಡಾಂಬರ್ ರಸ್ತಾದ ತನಕ ಒಬ್ಬಾಕೀನ ನಡಕೊಂಡು ಹೋಗಬೇಕಂದ್ರ ಎಷ್ಟು ಅಂಜಿಕಿ ಆಗ್ತಿತ್ತು? ಏನೂ ಇಲ್ಲಂದ್ರ ಒಂದು ಶೇಂಗಾ. ಭಾಳ ಅಂಜಿಕಿ ಅಂದ್ರ ಐದು.”

“ಕೇಳೀನ್ರೀ ಅಕ್ಕಾರ. ಒಂದ.”

ಕಟ್ಟೆಯ ಆ ತುದಿಗೆ ಅವಳ ಅಪ್ಪ ಸಂಗಪ್ಪ ಹಗ್ಗ ಹೊಸೆಯುತ್ತ ಕೂತಿದ್ದ. ತಲೆ ಎತ್ತದೆ ನಕ್ಕ. “ಬರಕೋರಿ ಮೇಡಮ್ಮರ. ನಮ್ಮ ಹುಡುಗಿ ಅಂಜೂ ಪೈಕಿ ಅಲ್ಲ. ಅಂಜಾಕಿ ಆಗಿದ್ರ ಓಟದಾಗ ಮೆಡಲ್ ಹೆಂಗ ತರ್ತಿದ್ಲು?”

ಬಾಗಿಲ ಹೊಸ್ತಿಲಿಗೆ ಒರಗಿದ್ದ ಅಜ್ಜಿ ಗದಿಗೆವ್ವ ಕೈ ಚಾಚಿ ಮೊರದಿಂದ ಒಂದು ಕಾಯಿ ಎತ್ತಿಕೊಂಡು, ಸಿಪ್ಪೆ ಒಡೆದು, ಕಾಳು ಬಾಯಿಗೆ ಹಾಕಿಕೊಂಡಳು.

“ಅಯ್ಯ ಅಜ್ಜಿ, ಲೆಕ್ಕದ್ದು ಅದು!” ಅಂದಳು ಕಾಂಚನಾ.

“ಲೆಕ್ಕದ್ದಾದ್ರೇನ, ಹುರದಿದ್ದಿಲ್ಲ ಅಷ್ಟ. ಅಂಜಿಕೀನೂ ಹಿಂಗ ಸುಲದು ತಿನ್ನೂ ಹಂಗಿದ್ರ ಛಲೋ ಇತ್ತು ನೋಡ,” ಅಂದಳು ಮುದುಕಿ. ಸಂಗಪ್ಪ ಮತ್ತೆ ನಕ್ಕ. ಕಾಂಚನಾ ಒಳಗಿನಿಂದ ಇನ್ನೊಂದು ಕಾಯಿ ತಂದಿಟ್ಟು ಐದು ಮಾಡಿದಳು. ನಿಶಾತಳಿಗೆ ನಗು ಬರಲಿಲ್ಲ. ಅವಳು ಹೊತ್ತು ನೋಡುತ್ತಿದ್ದಳು. ಎದುರು ಮನೆಯ ಗೋಡೆಯ ಮೇಲಿನ ಬಿಸಿಲು ಮಾಳಿಗೆಯ ಅಂಚಿಗೆ ಏರಿಬಿಟ್ಟಿತ್ತು.

ಅಕ್ಷರ ಬಾರದವರಿಗೂ ತಿಳಿಯಲಿ ಎಂದು ಶೇಂಗಾಕಾಯಿಯ ಉಪಾಯ ಮಾಡಿದ್ದು ನಿಶಾತಳೇ. ಬೆಟಗೇರಿಯ ಹುಡುಗಿ, ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ ಬಂದವಳು. ಐದಾರು ಜಿಲ್ಲೆಗಳು ಸೇರುವ ಕ್ರೀಡಾಕೂಟವನ್ನು ಈ ಸಲ ಗದಗ ವಹಿಸಿಕೊಂಡಾಗ, ಕೂಟ ಮುಗಿದ ಮೇಲೆ ಇಲ್ಲಿಯ ಜನಕ್ಕೆ ಏನು ಉಳಿಯುತ್ತದೆ ಎಂಬುದನ್ನು ಅಳೆಯಬೇಕೆಂದು ಒಂದು ತಂಡ ಮಾಡಿದ್ದರು. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಖಾನಾವಳಿಗಳಿಗೆ ವ್ಯಾಪಾರ ಹೆಚ್ಚಿತೇ, ಶಾಲೆ ಬಿಟ್ಟ ಮೇಲೂ ಎಷ್ಟು ಹುಡುಗಿಯರು ಮೈದಾನಕ್ಕೆ ಬರುತ್ತಾರೆ, ಎಂದೆಲ್ಲ ಕೇಳುವುದಿತ್ತು. ಅದರಲ್ಲಿ ಒಂದು ಪ್ರಶ್ನೆ ದಾರಿಯ ಅಂಜಿಕೆಯದು. ನಾಗಾವಿ ದಾಟಿ ಒಳಗಿರುವ ಈ ಸಿದ್ದನಕಟ್ಟಿಯ ಹೊರವಲಯದಲ್ಲಿ ಓಟಗಾರರ ತಾಲೀಮಿಗೆ ಮೈದಾನ ಮಾಡಿದ್ದರು. ಊರಿನಿಂದ ಮೈದಾನದ ಮಗ್ಗಲಿಗೆ ಹಾದು ಡಾಂಬರ್ ರಸ್ತೆ ಮುಟ್ಟುವ ಮಣ್ಣಿನ ದಾರಿಗೆ ಉದ್ದಕ್ಕೂ ದೀಪದ ಕಂಬ ನೆಟ್ಟಿದ್ದರು. ಕೂಟ ಮುಗಿಯಿತು. ಇಂಥ ದಾರಿಗಳು ಏಳೆಂಟು ಇದ್ದವು. ಎಲ್ಲಿ ಹೆಂಗಸರ ಅಂಜಿಕೆ ಎರಡು ಶೇಂಗಾದಷ್ಟಾದರೂ ಇಳಿದಿದೆಯೋ ಅಲ್ಲಿ ಕಂಬಗಳು ಕಾಯಂ. ಇಳಿಯದ ಕಡೆಯಿಂದ ಕಿತ್ತು ಬೇರೆಡೆಗೆ ಒಯ್ಯುವುದು. ನಾಳೆ ಗದಗಿನಲ್ಲಿ ಅದರ ಸಭೆ.

ದೀಪ ಬರುವ ಮೊದಲಿನ ಅಳತೆಯನ್ನೂ ನಿಶಾತಳೇ ತೆಗೆದುಕೊಂಡಿದ್ದಳು. ಅಂದು ಪಂಚಾಯ್ತಿ ಸದಸ್ಯ ಮುತ್ತಣ್ಣ ಗುಡಿಯ ಕಟ್ಟೆಗೆ ಹೆಂಗಸರನ್ನು ಕರೆಸಿ ಸಾಲಾಗಿ ಕೂಡಿಸಿದ್ದ. ಅವರ ಹಿಂದೆ ಅಪ್ಪಂದಿರು, ಅತ್ತೆಯರು, ಅಣ್ಣಂದಿರು. ಒಬ್ಬೊಬ್ಬಳೂ ಮೊರದಿಂದ ಒಂದೊಂದೇ ಶೇಂಗಾ ಎತ್ತಿಟ್ಟು ಎದ್ದುಹೋಗಿದ್ದಳು. ಎಷ್ಟು ಸರಾಗವಾಗಿ ಕೆಲಸ ಮುಗಿಯಿತೆಂದು ನಿಶಾತ ಹಿಗ್ಗಿದ್ದಳು. ‘ಎಲ್ಲರ ಎತ್ತರವೂ ಒಂದೇ ಬಂದರೆ ಜನರನ್ನು ನೋಡಬೇಡಿ, ಮೊದಲು ನಿಮ್ಮ ಅಳತೆಪಟ್ಟಿ ನೋಡಿ’ ಎಂದು ಕಾಲೇಜಿನಲ್ಲಿ ಮಾಸ್ತರರು ಹೇಳುತ್ತಿದ್ದ ಮಾತು ಆಗ ನೆನಪಾಗಲಿಲ್ಲ. ಆ ಸಂಜೆ ಅದೇ ಮಣ್ಣಿನ ದಾರಿಯಲ್ಲಿ, ಚಪ್ಪಲಿ ಕೈಯಲ್ಲಿ ಹಿಡಿದು ಅವಳು ಬಸ್ ಸ್ಟಾಪಿನ ತನಕ ಓಡಿಹೋಗಿದ್ದಳು. ಆಗಲೂ ನೆನಪಾಗಲಿಲ್ಲ.

ಈಗ ಊರೆಲ್ಲ ಮುಗಿಸಿ ಕೊನೆಯ ಮನೆಗೆ ಬಂದಿದ್ದಳು. ಎಲ್ಲ ಕಡೆಯೂ ಮತ್ತೆ ಒಂದೇ ಶೇಂಗಾ. ಒಂದರಿಂದ ಒಂದು ಕಳೆದರೆ ಸೊನ್ನೆ. ದೀಪ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

“ಕಾಂಚನಾ,” ಅಂದಳು ಆದಷ್ಟು ಹಗುರವಾಗಿ, “ಆತು, ದೀಪ ಇದ್ದಾಗ ಅಂಜಿಕಿ ಇದ್ದಿಲ್ಲ. ದೀಪ ಬರೂಕಿಂತ ಮೊದಲ ಸ್ವಲ್ಪನಾರ ಇತ್ತೇನ?”

ಸಂಗಪ್ಪನ ಅಂಗೈಗಳ ನಡುವೆ ಹಗ್ಗ ನಿಂತಿತು.

“ಇತ್ತೇನವಾ?” ಅಂದ. ದನಿಯಲ್ಲಿ ಸಿಟ್ಟಿರಲಿಲ್ಲ. ಜ್ವರ ಬಂದ ಮಗುವಿನ ಹಣೆ ಮುಟ್ಟಿ ಕೇಳುವ ದನಿ ಅದು. “ಇದ್ರ ಹೇಳು. ಅಂಜಿಕಿ ಬರೂ ದಾರಿಗೆ ನಿನ್ನ ನಾ ಯಾಕ ಕಳಸ್ಲಿ? ನಾಳಿಂದ ಮನ್ಯಾಗ ಇರು. ಕಾಲೇಜೂ ಬ್ಯಾಡ, ಓಟಾನೂ ಬ್ಯಾಡ. ನಿನಗಿಂತ ಆ ಮೆಡಲ್ ಹೆಚ್ಚೇನ ನಮಗ? ಅಮೃತವ್ವನ ಮಗಳು ಹಿಂಗ ಒಂದಿನ ಹೇಳಿದ್ಲು, ಅಕಿನ್ನ ಅವತ್ತ ಬಿಡಿಸಿದ್ರು. ಈಗ ಮುಂಡರಗಿಗೆ ಕೊಟ್ಟಾರ, ಅರಾಮ ಅದಾಳ.”

ಕಾಂಚನಾ ಅಪ್ಪನ ಮುಖ ನೋಡಲಿಲ್ಲ, ನಿಶಾತಳ ಮುಖವನ್ನೂ ನೋಡಲಿಲ್ಲ. ಮೊರವನ್ನು ಮೊಣಕಾಲಿನಿಂದ ಸ್ವಲ್ಪ ದೂರ ತಳ್ಳಿದಳು. “ಇಲ್ಲಪ್ಪಾ. ಏನ್ ಅಂಜಿಕಿ? ಮಂದಿ ಇದ್ದ ಇರ್ತಾರ ದಾರ್ಯಾಗ.”

ಆ ಮಾತು ನಿಶಾತಳದೇ. ದಿನಾ ಸಂಜೆ ಬೆಟಗೇರಿಯ ಮನೆಯಲ್ಲಿ ಅಮ್ಮಿ ಜನ್ನತಬಿ ರೊಟ್ಟಿ ತಟ್ಟುವುದು ನಿಲ್ಲಿಸಿ ಕೇಳುತ್ತಿದ್ದಳು, ದಾರಿಯಲ್ಲಿ ಅಂಜಿಕೆಯಾಯಿತೇ ಎಂದು. ಮಂದಿ ಇದ್ದೇ ಇರುತ್ತಾರೆ ಅಮ್ಮಿ, ಎಂತಹ ಅಂಜಿಕೆ, ಎನ್ನುತ್ತಿದ್ದಳು ಇವಳು. ಅಣ್ಣ ತನ್ವೀರ ಊಟದ ತಾಟಿನಿಂದ ತಲೆ ಎತ್ತಿ, ಒಂದು ದಿನ ಹೌದು ಅಂದರೆ ಸಾಕು, ಮರುದಿನದಿಂದ ಈ ಹಳ್ಳಿ ತಿರುಗುವ ನೌಕರಿ ಬಂದ್, ಎನ್ನುತ್ತಿದ್ದ. ಅವನೂ ಪ್ರೀತಿಯಿಂದಲೇ ಎನ್ನುತ್ತಿದ್ದ. ತಂಡದ ಮುಖ್ಯಸ್ಥರು ಹಿಂದಿನ ವಾರ, ಸಮೀಕ್ಷೆ ಮಾಡುವ ನೀವೂ ಈ ದಾರಿಗಳಲ್ಲಿ ಓಡಾಡಿದ್ದೀರಿ, ಹೇಳುವುದಿದ್ದರೆ ಸಭೆಯಲ್ಲಿ ನಿಂತು ಹೇಳಿ, ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದಾಗ ನಿಶಾತ ಕಿಟಕಿಯ ಹೊರಗೆ ನೋಡಿದ್ದಳು. ತನ್ವೀರನದು ಶಾಮಿಯಾನ, ಮೈಕಿನ ಅಂಗಡಿ. ನಾಳೆಯ ಸಭೆಗೆ ಮೈಕ್ ಹಚ್ಚುವವನು ಅವನೇ. ಅಲ್ಲಿ ಯಾರು ಏನು ನುಡಿದರೂ ಮೊದಲು ಅವನ ಕಿವಿಗೆ ಬೀಳುತ್ತದೆ.

“ನನ್ನ ಕೇಳಬೇ ತಂಗಿ,” ಅಂದಳು ಗದಿಗೆವ್ವ. “ಐದೂ ನನ್ನ ಹೆಸರಿಗೆ ಬರಿ.”

“ನಿಮ್ಮ ವಯಸ್ಸಿನವ್ರನ್ನ ಇದರಾಗ ಕೇಳಂಗಿಲ್ಲಜ್ಜಿ.”

“ಅಂಜಿಕಿಗೂ ವಯಸ್ಸಿನ ಹದ್ದ ಐತೇನ? ದೀಪ ಇದ್ದಾಗ ನಾ ಒಬ್ಬಾಕಿ ಕೋಲ ಹಿಡಕೊಂಡು ಮೈದಾನದ ತನಕ ಹೋಗಿ ಬಂದೆ. ಹುಡುಗ್ಯಾರು ಓಡೂದು ನೋಡಿದೆ. ಸಂಜೀ ಹೊತ್ತಿನ್ಯಾಗ ಊರ ಹೊರಗ ನಿಂತು ಎಷ್ಟ ಕಾಲ ಆಗಿತ್ತೋ ಯಾರಿಗ್ಗೊತ್ತ.”

“ನೀ ಅಂಜಿದ್ರೇನ, ಬಿಟ್ರೇನ? ಹೆಂಗೂ ಮನ್ಯಾಗ ಕುಂತಿರ್ತಿ,” ಅಂದ ಸಂಗಪ್ಪ.

“ಅದಕ್ಕ ಹೇಳಾಕತ್ತೀನಿ ನಾನು. ಹೇಳಾಕ ನನಗೇನೂ ಹೋಗಂಗಿಲ್ಲಲ್ಲ,” ಅಂದಳು ಮುದುಕಿ. ಮೊಮ್ಮಗಳ ಕಡೆ ಒಮ್ಮೆ ನೋಡಿ, ಐದೂ ಕಾಯಿಗಳನ್ನು ಬಾಚಿ ಕಾಂಚನಾಳ ಉಡಿಗೆ ಹಾಕಿದಳು. “ತಿನ್ನು. ಲೆಕ್ಕ ಮುಗೀತಲ್ಲ.”

ನಿಶಾತ ಒಂದನ್ನು ಒತ್ತಿದಳು. ಮೊಬೈಲು ಸಣ್ಣಗೆ ಸದ್ದು ಮಾಡಿ, ಸಿದ್ದನಕಟ್ಟಿ ಮುಗಿಯಿತೆಂದು ತೋರಿಸಿತು.

ಚೀಲ ಹೆಗಲಿಗೇರಿಸಿ ಅವಳು ಎದ್ದಾಗ ಗದಿಗೆವ್ವ, “ಆಕಿ ಒಬ್ಬಾಕಿ ಹೆಂಗ ಹೋಗ್ತಾಳೋ ಸಂಗಪ್ಪಾ, ಬಸ್ಸಿಗೆ ಕಳಿಸಿ ಬಾ” ಅಂದಳು. ಹಿತ್ತಲಲ್ಲಿ ಎಮ್ಮೆ ಕೂಗುತ್ತಿತ್ತು. ಸಂಗಪ್ಪ ಹಗ್ಗ ಕೊಡವಿ ಎದ್ದ. “ಹಿಂಡೂ ಹೊತ್ತು. ನಾ ಹೋದ್ರ ಅದು ಯಾರ ಕೈಗೂ ಬಗ್ಗಂಗಿಲ್ಲ. ಈಕಿ ಅವ್ವನೂ ಇಲ್ಲ, ಶಿರಹಟ್ಟಿಗೆ ಹೋಗ್ಯಾಳ.” ಮಗಳ ಕಡೆ ತಿರುಗಿದ. “ನೀ ಹೋಗವಾ. ನಿನಗೇನ ಅಂಜಿಕಿ ಇಲ್ಲಲ್ಲ, ಮೇಡಮ್ಮರನ್ನ ಬಸ್ ಹತ್ತಿಸಿ ಜಲ್ದಿ ಬಂದುಬಿಡು.”

ಕಾಂಚನಾ ಹೂಂ ಅಂದಳು. ಓಟದ ಬೂಟು ಹಾಕಿಕೊಂಡು ಲಾಡಿಯನ್ನು ಎರಡೆರಡು ಗಂಟು ಬಿಗಿದಳು.

ಇಬ್ಬರೂ ಊರ ಹೆಬ್ಬಾಗಿಲಾದ ಅಗಸಿ ದಾಟಿದರು. ಚಳಿಗಾಲದ ಹೊತ್ತು, ನೋಡನೋಡುತ್ತ ಬೆಳಕು ನೆಲ ಬಿಟ್ಟು ಮೇಲೆ ಸರಿಯುತ್ತಿತ್ತು. ದೂರದ ಗುಡ್ಡದ ಸಾಲಿನ ಮೇಲೆ ಗಾಳಿಫ್ಯಾನುಗಳ ತುದಿಯ ಕೆಂಪು ದೀಪಗಳು ಎಲ್ಲ ಕೂಡಿ ಹತ್ತುತ್ತಿದ್ದವು, ಎಲ್ಲ ಕೂಡಿ ಆರುತ್ತಿದ್ದವು. ದಾರಿಯ ಎರಡೂ ಬದಿಗೆ ಜಾಲಿಗಂಟಿ. ಕಂಬಗಳು ಇನ್ನೂ ನಿಂತಿದ್ದವು, ಸಭೆಗೂ ಕಾಯದೆ ವೈರನ್ನು ಮಾತ್ರ ಮೊನ್ನೆಯೇ ಬಿಚ್ಚಿ ಒಯ್ದಿದ್ದರು. ಕಂಬ ನೆಡುವ ಮೊದಲೇ ವಾಸಿಯಿತ್ತು ಅನ್ನಿಸಿತು ನಿಶಾತಳಿಗೆ. ಈಗ ಒಂದೊಂದು ಕಂಬವೂ ಯಾರೋ ಕಾಯುತ್ತ ನಿಂತ ಹಾಗೆ ಕಂಡು, ಹತ್ತಿರ ಹೋದಾಗ ಕಂಬವಾಗುತ್ತಿತ್ತು.

“ಅಕ್ಕಾರ, ಇಲ್ಲಿಂದ ಜೋರಲೆ ಮಾತಾಡ್ರಿ,” ಅಂದಳು ಕಾಂಚನಾ ಸಣ್ಣ ದನಿಯಲ್ಲಿ.

“ಏನ ಮಾತಾಡ್ಲಿ?”

“ಏನರ. ನಿಮ್ಮ ಮನಿ ಅಡಗಿ ಹೇಳ್ರಿ. ಫೋನ್ ಕಿವಿಗೆ ಹಿಡಕೋರಿ. ನಡನಡುವ ‘ಹೂನಪ್ಪಾ, ಬಂದ್ವಿ, ಅಲ್ಲೇ ನಿಂದ್ರು’ ಅನ್ರಿ.”

“ಯಾರದಾರ ಮುಂದ?”

“ಇಟ್ಟಂಗಿ ಭಟ್ಟಿ ಐತಲ್ರಿ.”

ಹಾಳುಬಿದ್ದ ಇಟ್ಟಿಗೆ ಭಟ್ಟಿ ದಾರಿಯ ತಿರುವಿನಲ್ಲಿ ಕರ್ರಗೆ ಕೂತಿತ್ತು. ಅದರ ಮಗ್ಗುಲಿಗೆ ಒಂದು ಬೈಕು. ಮೇಲೆ ಯಾರೋ ಅಡ್ಡಗಾಲು ಹಾಕಿ ಕೂತಿದ್ದರು. ಬೀಡಿಯ ತುದಿ ಕೆಂಪಗಾಯಿತು, ಮಬ್ಬಾಯಿತು. ನಿಶಾತ ಫೋನು ಕಿವಿಗೆ ಹಿಡಿದಳು. ಇಲ್ಲದ ಅಪ್ಪನಿಗೆ ‘ಹೂಂ, ಬಂದ್ವಿ, ಅಲ್ಲೇ ನಿಂದ್ರಿ’ ಅಂದಳು. ತನ್ನ ದನಿ ಯಾರೋ ಬೇರೆಯವರದೆನ್ನುವಂತೆ ಕೇಳಿಸಿತು. ಅವಳ ಅಪ್ಪ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಭಟ್ಟಿ ಹಿಂದೆ ಬಿತ್ತು. ಆಮೇಲೆ ಬೈಕು ಕೊರ್ರೆಂದು ಶುರುವಾದದ್ದು ಕೇಳಿತು. ದೀಪ ಹಚ್ಚಲಿಲ್ಲ. ಅವರ ಹಿಂದೆಯೇ, ಅವರು ನಡೆದಷ್ಟೇ ನಿಧಾನವಾಗಿ ಬರತೊಡಗಿತು.

“ತಿರುಗಿ ನೋಡಬ್ಯಾಡ್ರಿ,” ಅಂದಳು ಕಾಂಚನಾ. ಮರುಕ್ಷಣವೇ ಜೋರಾಗಿ, “ಹಂಗಾರ ಬದ್ನಿಕಾಯಿ ಎಣ್ಣಿಗಾಯಿ ಮಾಡಿದ್ರೇನ್ರಿ?” ಅಂದಳು.

“ಹೂಂ. ಶೇಂಗಾ ಹಿಂಡಿ ಹಾಕಿ,” ಅಂದಳು ನಿಶಾತ ಅಷ್ಟೇ ಜೋರಾಗಿ.

ಬೈಕು ಸ್ವಲ್ಪ ದೂರ ಬಂದಿತು. ಪಕ್ಕಕ್ಕೆ ಬಂದು ಒಂದಷ್ಟು ಹೊತ್ತು ಜೊತೆಜೊತೆಗೇ ನಡೆಯಿತು. ಬೀಡಿಯ ವಾಸನೆ, ಪೆಟ್ರೋಲಿನ ವಾಸನೆ. ಯಾರೂ ಏನೂ ಅನ್ನಲಿಲ್ಲ. ಆಮೇಲೆ ಅದು ಹೊರಳಿ ಬಂದ ದಾರಿಯಲ್ಲೇ ಭಟ್ಟಿಯ ಕಡೆ ಹೋಯಿತು. ಸದ್ದು ನಿಂತಿತು.

ಡಾಂಬರ್ ರಸ್ತೆ ಮುಟ್ಟಿದ ಮೇಲೆ ನಿಶಾತ ಬಸ್ ಸ್ಟಾಪಿನ ಒಡೆದ ಕಟ್ಟೆಯ ಮೇಲೆ ಕೂತಳು. ದೂರಕ್ಕೆ ಗದಗಿನ ದೀಪಗಳು ಒಂದು ಗೆರೆಯಾಗಿ ಕಾಣುತ್ತಿದ್ದವು.

“ಯಾರು ಅವ?”

“ಗೊತ್ತಿದ್ರ ಇಷ್ಟ ಅಂಜಿಕಿ ಯಾಕ ಇರ್ತಿತ್ರಿ?”

“ದೀಪ ಇದ್ದಾಗ?”

“ದೀಪ ಇದ್ದಾಗ ಅಲ್ಲಿ ಯಾರೂ ಇರ್ತಿದ್ದಿಲ್ರಿ. ಮೊನ್ನೆ ವೈರ್ ಬಿಚ್ಚಿದ್ರು ನೋಡ್ರಿ, ನಿನ್ನೆ ಸಂಜಿಗೆ ಮತ್ತ ಬಂದು ಕುಂತ.” ಕಾಂಚನಾ ಬೂಟಿನ ತುದಿಯಿಂದ ಒಂದು ಹರಳನ್ನು ಒದ್ದಳು. “ನಮ್ಮ ಓಟದ ಸರ್ ಕೇಳ್ತಾರ್ರಿ, ‘ಕಡೀ ನೂರು ಮೀಟರಿನ್ಯಾಗ ನಿನ್ನ ಕಾಲಿಗೆ ಏನ್ ಬರ್ತೈತೇ ಹುಡುಗಿ? ಎಲ್ಲಾರೂ ದಣೀತಾರ, ನೀ ಹೆಚ್ಚ ಓಡ್ತಿ’ ಅಂತ. ನಾ ನಗ್ತೀನಿ. ಭಟ್ಟಿಯಿಂದ ಅಗಸಿ ತನಕ ಓಡಿ ಓಡಿ ರೂಢಿ ಆಗೈತಿ ಅಂತ ಹೆಂಗ ಹೇಳೂದ್ರಿ?”

ಕಾಂಚನಾ ನಿಶಾತಳ ಕೈ ಎಳೆದು, ಅಂಗೈ ಬಿಡಿಸಿ, ಓಢಣಿಯ ಗಂಟಿನಿಂದ ಏನನ್ನೋ ಅದರೊಳಗೆ ಸುರಿದಳು. ಕತ್ತಲಲ್ಲಿ ನೋಡಬೇಕಾಗಿರಲಿಲ್ಲ. ಬೆರಳಿಗೆ ಅವುಗಳ ಒರಟು ಮೈ, ನಡುವಿನ ಸಪೂರ ಸೊಂಟ ತಿಳಿಯಿತು. ಐದು.

“ಬರೀಬ್ಯಾಡ್ರಿ ಮತ್ತ,” ಅಂದಳು ಕಾಂಚನಾ. “ನನ್ನ ಹೆಸರು ಹೇಳಬ್ಯಾಡ್ರಿ. ಹೆಸರು ಹೇಳದಿದ್ರೂ ಗೊತ್ತ ಆಗ್ತೈತಿ. ನಮ್ಮೂರಾಗ ಸಂಜೀಕ ಓಡಾಡಾಕಿ ನಾ ಒಬ್ಬಾಕಿ ಅದೀನಿ.”

“ನಡಿ, ನಿನ್ನ ಮನಿತನಕ ನಾ ಬಿಟ್ಟ ಬರ್ತೀನಿ.”

“ಆಮ್ಯಾಲ ನಿಮ್ಮನ್ನ ಬಿಡಾಕ ನಾ ಬರಬೇಕು. ಹಿಂಗ ಒಬ್ಬರನ್ನೊಬ್ಬರು ಕಳಿಸ್ಕೋಂತ ಬೆಳತನಕ ತಿರಗಬೇಕಾಗ್ತೈತ್ರಿ.” ಅವಳು ನಕ್ಕಳು, ಖರೆಯಾಗಿಯೇ ನಕ್ಕಳು. “ಅಗಸಿಗೆ ಮುಟ್ಟಿದ ಮ್ಯಾಲ ಮೊಬೈಲಿನ ಬ್ಯಾಟರಿ ಎರಡ ಸಲ ಹಚ್ಚಿ ತೋರಸ್ತೀನಿ. ನೋಡ್ರಿ.”

ಹೇಳಿದವಳೇ ಹೊರಟಳು. ಮೊದಲು ನಡಿಗೆ. ಆಮೇಲೆ ಮಣ್ಣಿನ ಮೇಲೆ ಬೂಟಿನ ಸದ್ದು ಒತ್ತೊತ್ತಾಗಿ, ಇನ್ನೂ ಒತ್ತಾಗಿ ಕೇಳಿ, ಕೇಳದಾಯಿತು. ನಿಶಾತ ಕಟ್ಟೆ ಬಿಟ್ಟು ರಸ್ತೆಯ ಅಂಚಿಗೆ ಬಂದು ನಿಂತಳು. ಕೆಂಪು ದೀಪಗಳು ಹತ್ತಿದವು, ಆರಿದವು. ಭಟ್ಟಿಯ ಕಡೆಯಿಂದ ಕೊರ್ರೆಂದು ಸದ್ದು ಎದ್ದಿತು.

ಕೂಗಲೆಂದು ಬಾಯಿ ತೆರೆದಳು. ಯಾರನ್ನು ಕೂಗುವುದು? ಸಂಗಪ್ಪನ ನಂಬರು ಅವಳ ಬಳಿ ಇತ್ತು. ಅದನ್ನು ಒತ್ತಿದರೆ ಆ ಹುಡುಗಿಯ ಓಟ ಇವತ್ತಿಗೆ ಮುಗಿಯಿತು. ಒತ್ತದಿದ್ದರೆ? ಬೆರಳು ಆ ನಂಬರಿನ ಮೇಲೇ ನಿಂತಿತು. ಬೈಕಿನ ಸದ್ದು ಹತ್ತಿರವಾಗುತ್ತಿದೆಯೋ ದೂರವಾಗುತ್ತಿದೆಯೋ ಗಾಳಿಯಲ್ಲಿ ತಿಳಿಯಲಿಲ್ಲ.

ಬಸ್ಸು ಬಂದು ಮುಂದೆಯೇ ನಿಂತಿತು. ಅದರ ದೊಡ್ಡ ದೀಪಕ್ಕೆ ಅತ್ತಕಡೆಯ ಕತ್ತಲೆ ಇನ್ನೂ ಗಟ್ಟಿಯಾಯಿತು. ನಿಶಾತ ಒಂದು ಕಾಲು ಮೆಟ್ಟಿಲ ಮೇಲಿಟ್ಟು ನಿಂತುಬಿಟ್ಟಳು.

“ಹತ್ತ್ರಿ ಮೇಡಮ್. ಯಾರರ ಬರೋರದಾರೇನ?” ಅಂದ ಕಂಡಕ್ಟರ್.

“ಒಂದ ನಿಮಿಷ ನಿಲ್ರಿ.”

“ಯಾರೂ ಕಾಣವಲ್ರಲ್ರಿ.”

“ಕಾಣ್ತಾರ, ನಿಲ್ರಿ.”

ಡ್ರೈವರ್ ಹಾರನ್ ಒತ್ತಿದ. ಒಳಗಿನಿಂದ ಯಾರೋ, ‘ಏ ನಡಸ್ರೀ, ಮನಿ ಮಠ ಅದಾವು ನಮಗೂ’ ಅಂದರು. ನಿಶಾತ ಬಾಗಿಲ ಕಂಬಿಯನ್ನು ಬಿಡಲಿಲ್ಲ. ಊರು ಇರಬೇಕಾದಲ್ಲಿ ಒಂದು ಬಿಳಿ ಚುಕ್ಕೆ ಹತ್ತಿತು, ಆರಿತು. ಒಂದು ಸಲ. ಎರಡು ಸಲ ಎಂದಿದ್ದಳು. ಕಂಡಕ್ಟರ್ ಸೀಟಿ ಬಾಯಿಗಿಟ್ಟ. ಆ ಚುಕ್ಕೆ ಯಾರದೋ ಮನೆಯ ದೀಪವಿರಬಹುದು, ಆ ಬೈಕಿನದೇ ಇರಬಹುದು, ಏನೂ ಇರಬಹುದು. ಅವಳು ನೋಡುತ್ತಲೇ ನಿಂತಳು. ಎರಡನೆಯದು ಬಹಳ ತಡವಾಗಿ ಹತ್ತಿತು. ನಡುಗುತ್ತ, ಮೇಲೆ ಕೆಳಗೆ ಹೊಯ್ದಾಡುತ್ತ, ಹೆಚ್ಚು ಹೊತ್ತೇ ಉರಿಯಿತು.

“ಬಂದ್ರೇನ್ರಿ ನಿಮ್ಮವ್ರು?” ಅಂದ ಕಂಡಕ್ಟರ್.

“ಮುಟ್ಟಿದ್ರು,” ಅಂದು ನಿಶಾತ ಹತ್ತಿದಳು.

ಕಿಟಕಿಯ ಪಕ್ಕ ಕೂತ ಮೇಲೆ ಫೋನು ಬಂತು. ಅಮ್ಮಿ. ಹಿಂದೆ ಕುಕ್ಕರಿನ ಸೀಟಿ, ತನ್ವೀರ ಯಾರಿಗೋ ಬೈಯುತ್ತ ವೈರು ಸುತ್ತಿಡಲು ಹೇಳುತ್ತಿದ್ದದ್ದು ಕೇಳಿಸುತ್ತಿತ್ತು. ಅಮ್ಮಿ ಮನೆಯ ಉರ್ದುವಿನಲ್ಲಿ ಎಲ್ಲಿದ್ದೀ ಎಂದು ಕೇಳಿದಳು. ನಾಳೆ ನಿಮ್ಮ ಸಭೆಗೆ ಅಣ್ಣ ಬೆಳಿಗ್ಗೆಯೇ ಹೋಗುತ್ತಾನಂತೆ, ಅವನ ಜೊತೆಗೇ ಹೋಗಿಬಿಡು, ಅಂದಳು. ಆಮೇಲೆ ಎಂದಿನ ಪ್ರಶ್ನೆ ಕೇಳಿದಳು. ಉತ್ತರ ಗೊತ್ತಿದ್ದವಳ ಹಾಗೆ, ಕೇಳುತ್ತಲೇ ಕುಕ್ಕರಿನ ಕಡೆ ನಡೆದಿರಬೇಕು. ದಾರಿಯಲ್ಲಿ ಅಂಜಿಕೆಯಾಗಲಿಲ್ಲ ತಾನೇ?

ಬಸ್ಸು ತಿರುಗುವಾಗ ಅದರ ಬೆಳಕು ಮಣ್ಣಿನ ದಾರಿಯ ಮೊದಲ ಎರಡು ಕಂಬಗಳ ಮೇಲೆ ಹರಿದು ಹೋಯಿತು. ತಂತಿಯಿಲ್ಲದ ಅವುಗಳ ತಲೆಗಳು ಹೊಳೆದು ಮತ್ತೆ ಕತ್ತಲಾದವು.

“ಅಂಜಿಕೆಯಾಯಿತು ಅಮ್ಮಿ,” ಅಂದಳು ನಿಶಾತ. “ಇವತ್ತೊಂದೇ ದಿನ ಅಲ್ಲ. ದಿನಾ ಆಗುತ್ತಿತ್ತು.”

ಆ ಕಡೆ ಹೆಜ್ಜೆ ನಿಂತಿತು. ಕುಕ್ಕರು ಒಂದೇ ಸಮನೆ ಸೀಟಿ ಹೊಡೆಯುತ್ತಿತ್ತು, ಯಾರೂ ಇಳಿಸಲಿಲ್ಲ. ನಿಶಾತ ಫೋನನ್ನು ಕಿವಿಯಿಂದ ತೆಗೆಯದೆ, ಇನ್ನೊಂದು ಕೈಯ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿದಳು. ಶೇಂಗಾಕಾಯಿಗಳು ಬೆವರಿಗೆ ಒದ್ದೆಯಾಗಿದ್ದವು. ಬಿಗಿ ಹಿಡಿದದ್ದಕ್ಕೆ ಒಂದರ ಸಿಪ್ಪೆ ಬಿರಿದು, ಒಳಗಿನ ಕೆಂಪು ಕಾಳು ಕಾಣುತ್ತಿತ್ತು.